ಏರಿಗೆ ಮುಂದೆ, ಇಳಕಲಿಗೆ ಹಿಂದೆ

ನಮ್ಮ ಬೈಲಹೊಂಗಲದ ಒಂದು ಬ್ಯಾಂಕಿಗೆ ಈಚೆಗೆ ಗಾಜಿನ ಬಾಗಿಲು ಬಂದಿದೆ. ಅದರ ಹಿಡಿಕೆಯ ಮೇಲೆ ಇಂಗ್ಲಿಷಿನಲ್ಲಿ ಹೊರಗಡೆ ‘ಪುಶ್’ ಅಂತಲೂ ಒಳಗಡೆ ‘ಪುಲ್’ ಅಂತಲೂ ಬರೆದಿದ್ದಾರೆ. ಎರಡರ ಅರ್ಥವೂ ನನಗೆ ಗೊತ್ತು. ಮೊದಲನೆಯದೆಂದರೆ ದಬ್ಬು, ಎರಡನೆಯದೆಂದರೆ ಜಗ್ಗು. ಆದರೂ ಅಲ್ಲಿಗೆ ಹೋದಾಗಲೆಲ್ಲ ನನ್ನ ಕೈ ಹಿಡಿಕೆಯ ಹತ್ತಿರ ಹೋಗಿ ಸುಮ್ಮನೆ ನಿಂತುಬಿಡುತ್ತದೆ. ಹಿಂದೆ ಪಾಳಿಯಲ್ಲಿದ್ದವರು ಕೆಮ್ಮುತ್ತಾರೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುವ ಕಾವಲಿನವನಿಗೆ ಈಗ ನನ್ನ ಗುರುತಾಗಿದೆ. ದವಾಖಾನೆಯ ಕಂಪೌಂಡರು, ನಾಲ್ಕು ಅಕ್ಷರ ಬಲ್ಲವನು, ಬಾಗಿಲ ಮುಂದೆ ಯಾಕೆ ಹೀಗೆ ಧ್ಯಾನ ಮಾಡುತ್ತಾನೆ ಎಂದು ಅವನಿಗೆ ಆಶ್ಚರ್ಯ. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟ.

“ಯಾಕ್ರಿ, ಚಾಳೀಸ ಮರತ ಬಂದೀರೇನು?”

ಹೌದು ಅಂದೆ. ಚಾಳೀಸಿನ ಕನ್ನಡಕ ಜೇಬಿನಲ್ಲೇ ಇತ್ತು. ಆದರೆ ನಿಜವಾದ ಕಾರಣವನ್ನು ಹೇಳಹೊರಟರೆ ಬ್ಯಾಂಕಿನ ಹೊತ್ತು ಮುಗಿದುಹೋಗುತ್ತಿತ್ತು. ಅವನಿಗೆ ಹೇಳದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವನು ನಾನು, ಹಾಗಾಗಿ ನೀವೂ ಸಾವಕಾಶವಾಗಿ ಓದಬೇಕು.

ಕೈ ಯಾವ ಕಡೆ ಹೋದರೆ ಏನಾಗಬೇಕು ಅನ್ನುವುದನ್ನು ನಮಗೆ ಯಾರೂ ಸಾಲಿಯಲ್ಲಿ ಕಲಿಸಿದ್ದಲ್ಲ. ಬಾವಿಯ ಹಗ್ಗ ಜಗ್ಗಿದರೆ ಕೊಡ ಮೇಲೆ ಬರುತ್ತದೆ. ಎತ್ತಿನ ಹಗ್ಗ ಜಗ್ಗಿದರೆ ಎತ್ತು ನಿಲ್ಲುತ್ತದೆ. ಒಂದು ಕಡೆ ಜಗ್ಗಿದ್ದಕ್ಕೆ ಏರಿಕೆ, ಇನ್ನೊಂದು ಕಡೆ ಜಗ್ಗಿದ್ದಕ್ಕೆ ತಡೆ. ಪಂಚಮಿಯ ಜೋಕಾಲಿಯ ಲೆಕ್ಕವೇ ಬೇರೆ, ಹಿಂದಕ್ಕೆ ಜಗ್ಗಿದಷ್ಟೂ ಮುಂದಕ್ಕೆ ಹೋಗುತ್ತದೆ. ನಾನು ಚಿಕ್ಕವನಿದ್ದಾಗ ಈ ಮೂರನ್ನೂ ಒಂದೇ ದಿನ ಮಾಡಿದ್ದುಂಟು, ಯಾವುದರಲ್ಲೂ ಕೈ ತಪ್ಪಿದ್ದಿಲ್ಲ. ನಮ್ಮ ಕಡೆ ‘ಜಗ್ಗಿ’ ಎಂದರೆ ಬಹಳ ಅಂತಲೂ ಅರ್ಥವಿದೆ. ಜಗ್ಗಿ ಮಳಿ ಆತು, ಜಗ್ಗಿ ಮಂದಿ ಬಂದಿತ್ತು ಅನ್ನುತ್ತೇವೆ. ಆ ಲೆಕ್ಕದಲ್ಲಿ ಏನನ್ನೇ ಜಗ್ಗಿದರೂ ಹೆಚ್ಚಾಗಬೇಕು. ಇದು ನಾನು ಆಮೇಲೆ, ತಪ್ಪೆಲ್ಲ ಆಗಿಹೋದ ಮೇಲೆ, ಒಬ್ಬನೇ ಕೂತು ಮಾಡಿಕೊಂಡ ತರ್ಕ.

ನನ್ನ ಕೈ ನಿಲ್ಲುವ ರೋಗ ಶುರುವಾದದ್ದು ಬಾಗಿಲಿನಿಂದಲ್ಲ, ಒಂದು ಕಾರಿನ ಗೇರಿನಿಂದ.

ಅದಕ್ಕೂ ಮೊದಲು ನನ್ನ ಓದಿನ ಕಥೆ ಹೇಳಿಬಿಡುತ್ತೇನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು ದನ ಕಾಯಲು ಹೋದವನು ನಾನು. ತೊಂಬತ್ತರ ಮೊದಲ ವರ್ಷಗಳಲ್ಲಿ, ಇಪ್ಪತ್ತೈದು ದಾಟಿದ ಮೇಲೆ, ದವಾಖಾನೆಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದೆ. ಔಷಧದ ಬಾಟಲಿಗಳನ್ನು ಬಣ್ಣದಿಂದ ಗುರುತು ಹಿಡಿಯುತ್ತಿದ್ದ ನನ್ನನ್ನು ನೋಡಿ ಡಾಕ್ಟರರು, ಹೀಗಾದರೆ ಒಂದು ದಿನ ನೀನು ಯಾರನ್ನಾದರೂ ಮೇಲಕ್ಕೆ ಕಳಿಸುತ್ತೀ ಎಂದು ಬೈದು, ಸಂಜೆಯ ಅಕ್ಷರದ ತರಗತಿಗೆ ಅಟ್ಟಿದರು. ಆಮೇಲೆ ಹೊರಗಿನಿಂದ ಕಟ್ಟಿ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ನನಗೆ ಮೂವತ್ಮೂರು. ಪರೀಕ್ಷೆಯ ಕೋಣೆಯಲ್ಲಿ ಮಾಸ್ತರರೊಬ್ಬರು ನನ್ನನ್ನು ಮೇಲಿನಿಂದ ಬಂದ ತಪಾಸಣೆಯವರೆಂದು ತಿಳಿದು ಎದ್ದು ನಿಂತಿದ್ದರು. ಇಂಗ್ಲಿಷ್ ಮೂರನೆಯ ಸಲಕ್ಕೆ ಪಾಸಾಯಿತು, ಅದೂ ದಡ ಮುಟ್ಟುವಷ್ಟೇ ಅಂಕದಲ್ಲಿ. ಆದರೆ ಎಷ್ಟು ಅಂಕ ಎಂದು ಕೇಳಿದವರಿಗೆಲ್ಲ ‘ಪಾಸ್’ ಎಂದಷ್ಟೇ ಹೇಳುವುದನ್ನು ಬೇಗ ಕಲಿತುಕೊಂಡೆ. ಡಾಕ್ಟರರೂ ಕಸಬರಿಗೆ ಬಿಡಿಸಿ ನನ್ನನ್ನು ಕಂಪೌಂಡರು ಮಾಡಿದರು.

ಆ ಫಲಿತಾಂಶದ ದಿನ ನನಗಿಂತ ಹೆಚ್ಚು ಕುಣಿದಾಡಿದವರು ಫಕೀರಪ್ಪ ಕಾಕಾ. ಅವರು ಡಾಕ್ಟರರ ಡ್ರೈವರು. ರಾಮದುರ್ಗ ತಾಲೂಕಿನ ಕಟಕೋಳದವರು, ಹರೆಯದಲ್ಲಿ ಯರಗಟ್ಟಿಯ ಪೇಟೆಯಿಂದ ಲಾರಿ ಹೊಡೆದವರು. ರಕ್ತ ಸಂಬಂಧವೇನೂ ಇಲ್ಲ, ಆದರೆ ದವಾಖಾನೆಗೆ ಬರುವ ಅರ್ಧ ಊರಿಗೆ ಅವರು ಕಾಕಾ. ಅಕ್ಷರ ಬಾರದು. ಬಸ್ಸುಗಳನ್ನು ಡ್ರೈವರನ ಮುಖ ನೋಡಿ ಗುರುತು ಹಿಡಿಯುತ್ತಿದ್ದರು. ನಾನು ಪಾಸಾದ ಮೇಲೆ ಅವರಿಗೆ ಎಲ್ಲಿ ಏನು ಬರೆದದ್ದು ಕಂಡರೂ ನನ್ನಿಂದ ಓದಿಸುವ ಚಟ ಹತ್ತಿತು. ಕರೆಂಟಿನ ಬಿಲ್ಲು, ಮದುವೆಯ ಕಾರ್ಡು, ಬೀಜದ ಚೀಲ. ಓದಿದ್ದು ಮುಗಿದ ಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, ಕೇಳಿದಿರಾ ಅನ್ನುವಂತೆ ಒಮ್ಮೆ ನೋಡುತ್ತಿದ್ದರು. ತಾವೇ ಓದಿದಷ್ಟು ಖುಷಿ ಆ ಮುಖದ ಮೇಲೆ.

ನನಗೆ ಗಾಡಿ ಕಲಿಸಿದವರೂ ಅವರೇ. ಆಗ ಡಾಕ್ಟರರ ಹತ್ತಿರ ಒಂದು ಹಳೆಯ ಜೀಪು ಇತ್ತು. ರವಿವಾರ ಮಧ್ಯಾಹ್ನ ಸವದತ್ತಿಯ ರಸ್ತೆಗೆ ಒಯ್ದು ನನ್ನ ಕೈಗೆ ಕೊಡುತ್ತಿದ್ದರು. ಒಂದು ಸಲ ಏರು ಹತ್ತುವಾಗ ಜೀಪು ಗೊರಗೊರ ಅನ್ನತೊಡಗಿತು. ಕಾಕಾ “ದೊಡ್ಡ ಗೇರ್ ಹಾಕು” ಅಂದರು. ನಾನು ಮೂರರಿಂದ ನಾಲ್ಕಕ್ಕೆ ಹಾಕಿದೆ. ಜೀಪು ಎರಡು ಸಲ ಬಿಕ್ಕಿ ನಡುರಸ್ತೆಯಲ್ಲಿ ನಿಂತಿತು. ನಾಲ್ಕು ದೊಡ್ಡದಲ್ಲವೇ ಎಂದು ನಾನು ವಾದ ಮಾಡಿದೆ. ಕಾಕಾ ಸ್ಟೇರಿಂಗಿನ ಮೇಲೆ ತಟ್ಟಿ ನಕ್ಕರು.

“ಮೊದಲ ಹುಟ್ಟಿದ್ದು ದೊಡ್ಡದ ಅಲ್ಲೇನ ತಮ್ಮಾ? ಒಂದನೇ ಗೇರ್ ಹಿರೇ ಮಗಾ, ನಾಕನೇದು ಕಡೀ ಕೂಸು. ಓಡ್ಯಾಡಾಕ ಕಡೀ ಕೂಸು, ಭಾರ ಹೊರಾಕ ಹಿರೇ ಮಗಾ.”

ಗಾಡಿಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಹೊಡೆಯಬೇಕು ಅನ್ನುತ್ತಿದ್ದರು. ಇಂಜಿನ್ನು ಯಾವ ಗೇರು ಬೇಡುತ್ತಿದೆ ಎಂದು ಅದೇ ಹೇಳುತ್ತದಂತೆ. ನನಗೆ ಅದು ಹೇಳಿದ್ದು ಬಹಳ ತಡವಾಗಿ. ಆದರೆ ಆ ಹಿರೇ ಮಗನ ಪಾಠ ಅವತ್ತೇ ತಲೆಯಲ್ಲಿ ಕೂತಿತು. ಅದು ಕೂರದೆ ಇದ್ದಿದ್ದರೆ ಒಳ್ಳೆಯದಿತ್ತೇನೋ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಪುಣೆಯಲ್ಲಿದ್ದ ಡಾಕ್ಟರರ ಅಳಿಯ ಹೊಸ ಗಾಡಿ ತೆಗೆದುಕೊಂಡು, ತಾನು ಬಳಸಿದ ಕಾರನ್ನು ಮಾವನಿಗೆ ಕಳಿಸಿಕೊಟ್ಟ. ಅದಕ್ಕೆ ಕ್ಲಚ್ಚಿರಲಿಲ್ಲ. ಗೇರನ್ನು ತಾನೇ ಬದಲಿಸಿಕೊಳ್ಳುವ ಗಾಡಿ. ನಮ್ಮ ಓಣಿಯ ಮಂದಿ ಕಿಟಕಿಯಲ್ಲಿ ಇಣುಕಿ, ಒಂದು ಕಾಲಿಗೆ ಕೆಲಸವೇ ಇಲ್ಲವಲ್ಲ ಎಂದು ಮರುಗಿದರು. ಗೇರಿನ ಕೋಲನ್ನು ‘ಡಿ’ ಅನ್ನುವ ಅಕ್ಷರಕ್ಕೆ ತಂದು ಬಿಟ್ಟರೆ ಮುಗಿಯಿತು. ಆದರೆ ಆ ‘ಡಿ’ಯ ಪಕ್ಕದಲ್ಲಿ ಒಂದು ಸಣ್ಣ ಸಂದಿ ಇತ್ತು. ಕೋಲನ್ನು ಆ ಸಂದಿಗೆ ಸರಿಸಿದರೆ ಗೇರು ಬದಲಿಸುವ ಅಧಿಕಾರ ಡ್ರೈವರನ ಕೈಗೆ ಬರುತ್ತದೆ. ಮುಂದೆ ಒಂದು ಸಲ ದಬ್ಬಿದರೆ ಒಂದು, ಹಿಂದೆ ಒಂದು ಸಲ ಜಗ್ಗಿದರೆ ಇನ್ನೊಂದು. ಸಂದಿಯ ಮುಂದಿನ ತುದಿಯಲ್ಲಿ ಕೂಡಿಸುವ ಗುರುತು, ಹಿಂದಿನ ತುದಿಯಲ್ಲಿ ಕಳೆಯುವ ಗುರುತು.

“ಇಲ್ನೋಡೋ, ನಮ್ಮ ದವಾಖಾನಿ ಗುರುತು ಇಲ್ಲೂ ಹಾಕ್ಯಾರ. ಡಾಕ್ಟರ್ ಗಾಡಿ ಅಂತ ಅವರಿಗೆ ಮೊದಲ ಗೊತ್ತಿತ್ತೇನು?” ಅಂದರು ಕಾಕಾ.

ಡಾಕ್ಟರರು, ‘ಡಿ’ಗೆ ಹಾಕಿ ಸುಮ್ಮನೆ ಹೊಡಿ, ಉಳಿದದ್ದರ ತಂಟೆಗೆ ಹೋಗಬೇಡ ಎಂದು ಹೇಳಿದ್ದರು. ಎರಡು ದಿನ ಕಾಕಾ ಊರೊಳಗೆ ಹಾಗೇ ಓಡಿಸಿದರು. ಮೂರನೆಯ ದಿನ ಡಾಕ್ಟರರ ತಾಯಿಯನ್ನು ಕಿತ್ತೂರಿನ ಬೀಗರ ಮನೆಗೆ ಕರೆದೊಯ್ಯುವುದಿತ್ತು. ಆ ಹಾದಿಯಲ್ಲಿ ಏರಿವೆ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲಿದೆ. ನಲವತ್ತು ವರ್ಷ ಗೇರು ಹಾಕಿದ ಮನುಷ್ಯನಿಗೆ, ಗಾಡಿ ತಾನೇ ನೋಡಿಕೊಳ್ಳುತ್ತದೆ ಅನ್ನುವ ಮಾತಿನ ಮೇಲೆ ಧೈರ್ಯ ಬರಲಿಲ್ಲ. ಹಿಂದಿನ ಸಂಜೆ ಪೇಶಂಟುಗಳು ಕರಗಿದ ಮೇಲೆ, ಗಾಡಿಯ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಮುಂದಕ್ಕೆ ದಬ್ಬಿದರೆ ಏನಾಗುತ್ತದೆ, ಹಿಂದಕ್ಕೆ ಜಗ್ಗಿದರೆ ಏನಾಗುತ್ತದೆ, ಅಷ್ಟು ಓದಿ ಹೇಳು ಅಂದರು.

ಕನ್ನಡವಾಗಿದ್ದರೆ ಒಂದು ನಿಮಿಷದ ಕೆಲಸ. ನಾನು ಚಾಳೀಸು ಏರಿಸಿದೆ. ಆ ಸಂದಿಯ ಚಿತ್ರವಿದ್ದ ಪುಟ ಸಿಕ್ಕಿತು. ಚಿತ್ರದ ಕೆಳಗೆ ಎರಡು ಸಾಲು. ದಬ್ಬುವುದಕ್ಕೂ ಜಗ್ಗುವುದಕ್ಕೂ ಇಂಗ್ಲಿಷ್ ಗೊತ್ತಿತ್ತು. ‘ಶಿಫ್ಟ್’ ಅಂತ ಒಂದು ಶಬ್ದವಿತ್ತು. ಶಿಫ್ಟ್ ಅಂದರೆ ನನಗೆ ಗೊತ್ತಿದ್ದದ್ದು ಸಕ್ಕರೆ ಫ್ಯಾಕ್ಟರಿಯ ಪಾಳಿ. ಗಾಡಿಗೆ ಯಾವ ಪಾಳಿ? ಡ್ರಾಯರಿನಲ್ಲಿದ್ದ ನಿಘಂಟು ತೆಗೆದೆ. ಬದಲಿಸು ಎಂದು ಅದರಲ್ಲಿತ್ತು. ಅದರ ಮುಂದೆ ಒಂದು ಸಾಲಿನಲ್ಲಿ ‘ಅಪ್’, ಇನ್ನೊಂದರಲ್ಲಿ ‘ಡೌನ್’. ಇವಕ್ಕೆ ನಿಘಂಟು ಬೇಕಿರಲಿಲ್ಲ, ಅಕ್ಷರದ ತರಗತಿಯಲ್ಲೇ ಕಲಿತಿದ್ದೆ. ಅಪ್ ಅಂದರೆ ಏರು. ಡೌನ್ ಅಂದರೆ ಇಳಕಲು.

ಮುಂದಕ್ಕೆ ದಬ್ಬಿದರೆ ಏರಿಗೆ ಬದಲಾಗುತ್ತದೆ, ಹಿಂದಕ್ಕೆ ಜಗ್ಗಿದರೆ ಇಳಕಲಿಗೆ ಬದಲಾಗುತ್ತದೆ. ಅರ್ಥ ಎಷ್ಟು ಚಂದ ಕೂತಿತೆಂದರೆ ನನ್ನ ಬಗ್ಗೆ ನನಗೇ ಹೆಮ್ಮೆ ಬಂತು. ಕೂಡಿಸುವ ಗುರುತೂ ಅದಕ್ಕೆ ಸಾಕ್ಷಿ ಹೇಳುತ್ತಿತ್ತು. ಏರಿಗೆ ಬೇಕಾದದ್ದು ಭಾರ ಹೊರುವ ದೊಡ್ಡ ಗೇರು, ದೊಡ್ಡದು ಅಂದಮೇಲೆ ಕೂಡಿಸುವ ಗುರುತು ಸರಿಯೇ ಅಲ್ಲವೇ. ಕಾಕಾ ತಾವೇ ಕಲಿಸಿದ ಹಿರೇ ಮಗನ ಪಾಠವನ್ನು ಅವರಿಗೇ ತಿರುಗಿಸಿ ಹೇಳಿದೆ. ಅವರು ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ಆಡಿಸಿ ನೋಡಿದರು. ಜೀಪಿನಲ್ಲಿ ಎರಡರಿಂದ ಒಂದಕ್ಕೆ ಬರುವಾಗಲೂ ಕೈ ಮುಂದಕ್ಕೇ ಹೋಗುತ್ತದೆ. ಹೊಂದಿತು ಅಂದರು. ಆದರೂ ಇನ್ನೊಂದು ಸಲ ಕೇಳಿದರು.

“ಖರೇನ ಹಂಗ ಬರದಾರೇನು?”

“ಅಕ್ಷರಕ್ಕ ಅಕ್ಷರ ಹಂಗ ಐತಿ ಕಾಕಾ. ಏರಿಗೆ ಮುಂದ, ಇಳಕಲಿಗೆ ಹಿಂದ.”

ಈ ಮಾತು ಹೇಳುವಾಗ ನನ್ನ ಮನಸ್ಸಿನಲ್ಲಿ ಸಣ್ಣದೊಂದು ಅನುಮಾನ ಇರಲಿಲ್ಲವೇ? ಇತ್ತು. ಆ ಎರಡು ಸಾಲಿನ ಕೆಳಗೆ ಇನ್ನೂ ಐದಾರು ಸಾಲು ಸಣ್ಣಕ್ಷರದಲ್ಲಿದ್ದವು, ಅವುಗಳಲ್ಲಿ ಒಂದೂ ನನಗೆ ತಿಳಿದಿರಲಿಲ್ಲ. ಹತ್ತು ಹೆಜ್ಜೆ ದೂರದ ಕೋಣೆಯಲ್ಲಿ ಡಾಕ್ಟರರು ಕೂತಿದ್ದರು. ಪುಸ್ತಕ ಒಯ್ದು, ಇದರ ಅರ್ಥ ಏನ್ರಿ ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ಆದರೆ ಹಾಗೆ ಕೇಳಿದರೆ ಕಾಕಾ ಎದುರಿಗೆ ನನ್ನ ಇಂಗ್ಲಿಷ್ ಎಷ್ಟು ಅನ್ನುವುದು ಬಯಲಾಗುತ್ತಿತ್ತು. ನಾನು ಪುಸ್ತಕ ಮುಚ್ಚಿದೆ. ಕಾಕಾ ಅಲ್ಲಿದ್ದ ಆಯಾಳ ಕಡೆ ತಿರುಗಿ, ಕೇಳಿದಿರಾ ಅನ್ನುವಂತೆ ನೋಡಿದರು.

ಮರುದಿನ ಬೆಳಿಗ್ಗೆ ಹೊರಟೆವು. ಮುಂದೆ ಕಾಕಾ ಮತ್ತು ಡಾಕ್ಟರರು, ಹಿಂದೆ ಡಾಕ್ಟರರ ತಾಯಿ, ಅವರ ಹೆಂಡತಿ ಮತ್ತು ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡ ನಾನು. ದೊಡ್ಡವ್ವಾರು ಎಂದು ನಾವೆಲ್ಲ ಕರೆಯುತ್ತಿದ್ದ ಆ ತಾಯಿಗೆ ಎಂಬತ್ತರ ಹತ್ತಿರ. ಎಡಗಡೆ ಕಿಟಕಿಯ ಬಳಿ ಕೂತು, ಹಾದಿಯುದ್ದಕ್ಕೂ ಯಾರ ಹೊಲ ಯಾರಿಗೆ ಹೋಯಿತು ಎಂದು ನನಗೆ ಹೇಳುತ್ತ ಬಂದರು. ಕಿತ್ತೂರು ಇನ್ನೂ ಸ್ವಲ್ಪ ದೂರವಿರುವಾಗ ಒಂದು ಏರು. ನಮ್ಮ ಮುಂದೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು ಹೊಗೆ ಉಗುಳುತ್ತ ಹತ್ತುತ್ತಿತ್ತು. ಕಾಕಾ ಹಾರ್ನ್ ಹೊಡೆದು, ಎದುರಿಗೆ ರಸ್ತೆ ಬರಿದಾದದ್ದು ನೋಡಿ ಬಲಕ್ಕೆ ತೆಗೆದರು. ಐದು ಜನ, ಮೇಲೆ ಏಸಿ. ಗಾಡಿ ಅವರು ಬಯಸಿದಷ್ಟು ಜಗ್ಗಲಿಲ್ಲ. ಮೊದಲನೆಯ ಟ್ರೇಲರು ದಾಟುವಷ್ಟರಲ್ಲಿ ಏರಿನ ನೆತ್ತಿಯ ಮೇಲೆ ಒಂದು ಬಸ್ಸಿನ ತಲೆ ಕಂಡಿತು.

ಅವರ ಎಡಗೈ ಕೋಲನ್ನು ಪಕ್ಕದ ಸಂದಿಗೆ ಸರಿಸಿದ್ದನ್ನು ನಾನು ಹಿಂದಿನಿಂದ ನೋಡಿದೆ. ಮುಂದಕ್ಕೆ ದಬ್ಬಿದರು. ಇಂಜಿನ್ನಿನ ದನಿ ಒಮ್ಮೆಗೇ ಇಳಿದುಹೋಯಿತು. ಅವರ ಕಿವಿಗೆ ಅದು ತಪ್ಪೆಂದು ಆ ಕ್ಷಣವೇ ತಿಳಿದಿರಬೇಕು. ಕುತ್ತಿಗೆ ಒಂದಿಷ್ಟು ಎಡಕ್ಕೆ ವಾಲಿತು, ಜೀಪಿನಲ್ಲಿ ಇಂಜಿನ್ನಿನ ಮಾತು ಕೇಳುವಾಗ ವಾಲುತ್ತಿದ್ದ ಹಾಗೆ. ಆದರೆ ಕಿವಿ ಒಂದು ಹೇಳುತ್ತಿತ್ತು, ನಾನು ಓದಿದ್ದು ಇನ್ನೊಂದು ಹೇಳುತ್ತಿತ್ತು. ಅವರು ಓದಿದ್ದನ್ನು ನಂಬಿದರು. ಇನ್ನೊಮ್ಮೆ ದಬ್ಬಿದರು. ಗಾಡಿ ಇನ್ನೂ ಸತ್ತುಹೋಯಿತು. ಬಸ್ಸಿನವನು ಹಾರ್ನ್ ಬಿಡದೆ ಒತ್ತುತ್ತ ಬರುತ್ತಿದ್ದ. ಕಾಕಾ ಬ್ರೇಕ್ ಒತ್ತಿ ಎಡಕ್ಕೆ ಎಳೆದರು. ಎರಡು ಟ್ರೇಲರುಗಳ ಹಿಂದೆ ಸೇರಿಕೊಂಡೆವು, ಆದರೆ ಪೂರ್ತಿ ಅಲ್ಲ. ಹೊರಗೆ ಚಾಚಿದ್ದ ಕಬ್ಬಿನ ತುದಿಗಳು ಎಡಗಡೆಯ ಕನ್ನಡಿಯನ್ನು ಒಡೆದು, ಕಿಟಕಿಯ ಗಾಜನ್ನು ಒಳಗೆ ಕೆಡವಿದವು. ದೊಡ್ಡವ್ವಾರು ಸೀಟಿನಿಂದ ಜಾರಿ ಮುಂದಿನ ಸಂದಿಯಲ್ಲಿ ಬಿದ್ದರು. ಅವರ ಮೈ ಕೆಳಗೆ ಸಿಕ್ಕ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು.

ರಸ್ತೆಯ ಬದಿಗೆ ನಿಲ್ಲಿಸಿ, ಡಾಕ್ಟರರೇ ತಾಯಿಯ ಕೈಯನ್ನು ಟವೆಲಿನಲ್ಲಿ ಕಟ್ಟಿದರು. ಆಮೇಲೆ ಕಾಕಾನ ಕಡೆ ತಿರುಗಿದರು. ದನಿ ಏರಿಸಲಿಲ್ಲ, ಅದೇ ಕೆಟ್ಟದ್ದಾಗಿತ್ತು.

“ಫಕೀರಪ್ಪಾ, ಅದರ ತಂಟೇಕ ಹೋಗಬ್ಯಾಡ ಅಂತ ನಿನಗ ಹೇಳಿದ್ದೆ. ಯಾರ ಹೇಳಿದ್ರು ನಿನಗ ಅದನ್ನ ಮುಟ್ಟಂತ?”

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿನ ನೋಟವಲ್ಲ, ದೂರೂ ಅಲ್ಲ. ನೀನು ಓದಿದ್ದು ಸರಿಯಿತ್ತಲ್ಲ, ನಾನೆಲ್ಲಿ ತಪ್ಪಿದೆ ಎಂದು ಕೇಳುವ ಹಾಗಿತ್ತು. ಮಾತಾಡಲು ನನಗೆ ಬೇಕಾದಷ್ಟು ಹೊತ್ತಿತ್ತು. ಟ್ರ್ಯಾಕ್ಟರು ಏರು ಮುಗಿಸಿ ಕಣ್ಮರೆಯಾಗುವಷ್ಟು ಹೊತ್ತು. ನನ್ನ ಮಡಿಲಲ್ಲಿದ್ದ ಪೇರಲ ಹಣ್ಣುಗಳು ಗಾಜಿನ ಚೂರಿನ ನಡುವೆ ಬಿದ್ದಿದ್ದವು. ನಾನು ಅವನ್ನು ಆರಿಸತೊಡಗಿದೆ.

“ಯಾರೂ ಹೇಳಿಲ್ರಿ. ನನ್ನ ಕೈ ತಪ್ಪಿತ್ರಿ,” ಅಂದರು ಕಾಕಾ.

ಮರುದಿನ ದವಾಖಾನೆಗೆ ಬಂದು, ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಡಾಕ್ಟರರು ಕೆಲಸ ಬಿಡಿಸಿರಲಿಲ್ಲ, ವಯಸ್ಸಾಯಿತು, ಸ್ವಲ್ಪ ದಿನ ದಣಿವಾರಿಸಿಕೋ ಎಂದಷ್ಟೇ ಹೇಳಿದ್ದರು. ಆದರೆ ಕಾಕಾ ಕಟಕೋಳಕ್ಕೆ, ಮಗನ ಮನೆಗೆ ಹೊರಟು ನಿಂತಿದ್ದರು. ನೀನು ಕಲಿತವನು, ಆ ಗಾಡಿ ನಿನ್ನಂಥವರಿಗೇ ಸರಿ ಎಂದು ನನ್ನ ಬೆನ್ನು ತಟ್ಟಿ ಹೋದರು. ಅಂದಿನಿಂದ ಕಂಪೌಂಡರಿನ ಜೊತೆಗೆ ಡ್ರೈವರಿನ ಕೆಲಸವೂ ನನ್ನದಾಯಿತು.

ನಾಲ್ಕೇ ದಿನಕ್ಕೆ ಗೊತ್ತಾಯಿತು. ಒಂದು ಏರಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಕೋಲನ್ನು ಸಂದಿಗೆ ಸರಿಸಿ ಮುಂದಕ್ಕೆ ದಬ್ಬಿದೆ. ಅದೇ ದನಿ, ಅದೇ ಸಾಯುವಿಕೆ. ಹಿಂದಕ್ಕೆ ಜಗ್ಗಿದೆ. ಗಾಡಿ ಗರ್ಜಿಸಿ ಮೇಲಕ್ಕೆ ಹಾರಿತು. ‘ಅಪ್’ ಅಂದರೆ ಗೇರಿನ ಅಂಕಿ ಏರುವುದು, ರಸ್ತೆಯ ಏರಲ್ಲ. ಗಾಡಿ ಮಾಡಿದವರ ಲೆಕ್ಕದಲ್ಲಿ ಕಡೀ ಕೂಸೇ ದೊಡ್ಡದು. ಕೂಡಿಸುವ ಗುರುತು ಕಡೀ ಕೂಸಿನ ಕಡೆಗೆ ಹೋಗುವ ಹಾದಿ. ಗಾಡಿಯನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಬಹಳ ಹೊತ್ತು ಕೂತೆ.

ಆಮೇಲೆ ಕಂಡ ಕಂಡ ಗಾಡಿಯಲ್ಲಿ ಇಣುಕುವ ಚಟ ಬಿತ್ತು. ಬೆಳಗಾವಿಯ ಒಂದು ಮದುವೆಯಲ್ಲಿ ಇಂಥದೇ ಇನ್ನೊಂದು ಗಾಡಿ ನಿಂತಿತ್ತು. ಗಾಜಿಗೆ ಮೂಗು ಒತ್ತಿ ನೋಡಿದರೆ ಅದರಲ್ಲಿ ಕೂಡಿಸುವ ಗುರುತು ಹಿಂದೆ, ಕಳೆಯುವ ಗುರುತು ಮುಂದೆ. ಅದರ ಡ್ರೈವರನನ್ನು ಕೇಳಿದೆ. ಬ್ರೇಕ್ ಹಾಕಿದಾಗ ಮೈ ಮುಂದೆ ಹೋಗುತ್ತದೆ, ಆಗ ಕೈಯೂ ಮುಂದೆ ಹೋದರೆ ಗೇರು ಇಳಿಯಬೇಕು. ವೇಗ ಕೊಟ್ಟಾಗ ಮೈ ಹಿಂದೆ ಒರಗುತ್ತದೆ, ಆಗ ಜಗ್ಗಿದರೆ ಏರಬೇಕು, ಅದೇ ಸರಿಯಾದ ಪದ್ಧತಿ ಎಂದು ಅವನು ವಿವರಿಸಿದ. ನನಗೂ ಅದೇ ಸರಿಯೆನಿಸಿತು, ಈಗಲೂ ಅನಿಸುತ್ತದೆ. ಅಂದರೆ ಗಾಡಿ ಮಾಡುವವರಲ್ಲೇ ಒಮ್ಮತವಿಲ್ಲ. ಕಾಕಾನ ಕೈ ಆ ಮದುವೆಯ ಗಾಡಿಯಲ್ಲಿದ್ದಿದ್ದರೆ ಮುಂದಕ್ಕೆ ದಬ್ಬಿದ್ದೇ ಸರಿಯಾಗಿ, ಬಸ್ಸು ಬರುವುದರೊಳಗೆ ದಾಟಿರುತ್ತಿದ್ದೆವು. ನನ್ನ ತಪ್ಪು ಓದು ಸರಿಯಾಗುವ ಗಾಡಿಯೂ ಈ ಲೋಕದಲ್ಲಿದೆ ಅನ್ನುವುದರಿಂದ ನನಗೆ ಸಮಾಧಾನ ಸಿಗಬೇಕಿತ್ತು. ಸಿಗಲಿಲ್ಲ. ಅವತ್ತು ಮದುವೆಯ ಊಟ ಮಾಡದೆ ಬಂದೆ.

ಕಾಕಾನನ್ನು ಈ ನಡುವೆ ಕಂಡದ್ದಿಲ್ಲವೆಂದಲ್ಲ. ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಎರಡು ಮೂರು ಸಲ ಸಿಕ್ಕಿದರು. ಮಗ ಟ್ರ್ಯಾಕ್ಟರು ತಂದಿದ್ದಾನೆ, ನಾನು ಮುಟ್ಟುವುದಿಲ್ಲ, ನನ್ನ ಕೈ ಕೆಟ್ಟಿದೆ ಅಂದರು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಜೇಬಿನಿಂದ ಒಂದು ಕಾಗದ ತೆಗೆದು, ಕಣ್ಣಿನ ಡಾಕ್ಟರು ಕೊಟ್ಟದ್ದು, ಓದು ಅಂದರು. ಓದಿದೆ. ಪಕ್ಕದ ಬೆಂಚಿನವನ ಕಡೆ ತಿರುಗಿ ಅದೇ ನೋಟ. ನನ್ನ ಓದಿನ ಮೇಲಿನ ಅವರ ನಂಬಿಕೆಗೆ ಒಂದು ಗೀರೂ ಬಿದ್ದಿರಲಿಲ್ಲ. ಹೋದದ್ದು ಅವರ ಕೈ ಮೇಲಿನ ನಂಬಿಕೆ ಮಾತ್ರ. ಹೀಗೆ ಏಳು ವರ್ಷ ಕಳೆಯಿತು.

ಕಳೆದ ವರ್ಷ ಅವರ ಸೊಸೆ ದವಾಖಾನೆಗೆ ಬಂದಿದ್ದಳು. ಮಾತಿಗೆ ಮಾತು ಬಂದು, ಮಾವ ಎತ್ತಿನ ಚಕ್ಕಡಿಯಲ್ಲಿ ಕೂತರೂ ಹಗ್ಗ ಹಿಡಿಯಲು ಒಲ್ಲೆ ಅನ್ನುತ್ತಾರೆ ಎಂದಳು. ಚಕ್ಕಡಿಯ ಹಗ್ಗಕ್ಕೂ ಆ ಹೆದರಿಕೆ ತಟ್ಟಿದೆ ಎಂದು ನನಗೆ ತಿಳಿದಿರಲಿಲ್ಲ. ಆ ರವಿವಾರವೇ ಕಟಕೋಳಕ್ಕೆ ಹೋದೆ.

ಕಾಕಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಮಸುಕು. ನಾನು ಕೂತವನೇ, ಮತ್ತೆ ಧೈರ್ಯ ಹೋದೀತೆಂದು, ಎಲ್ಲ ಹೇಳಿಬಿಟ್ಟೆ. ಪುಸ್ತಕ, ಅಪ್ ಅನ್ನುವ ಶಬ್ದ, ಹತ್ತು ಹೆಜ್ಜೆ ದೂರದ ಡಾಕ್ಟರರು, ಪೇರಲ ಹಣ್ಣು, ಬೇವಿನ ಮರ. ಅವರ ಕೈ ಸುಲಿಯುತ್ತಲೇ ಇತ್ತು. ಆಮೇಲೆ ನಿಂತಿತು.

“ಅಂದ್ರ ನನ್ನ ಕೈ ತಪ್ಪಿದ್ದಿ‍ಲ್ಲ.”

“ಇಲ್ಲ ಕಾಕಾ. ಕೈಯೂ ತಪ್ಪಿಲ್ಲ, ಕಿವಿನೂ ತಪ್ಪಿಲ್ಲ. ಓದಿದ್ದು ತಪ್ಪ.”

“ಏಳ ವರ್ಷ ಈ ಕೈಯನ್ನ ಬೈಕೋತ ಕುಂತೇನಲ್ಲೋ.”

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗಿನಿಂದ ಸೊಸೆ, ಚಹಾ ಇಡಲೇನು ಎಂದು ಕೇಳಿದಳು. ಕಾಕಾ ಬೇಡ ಅಂದರು. ನಮ್ಮ ಕಡೆ ಬಂದವರಿಗೆ ಚಹಾ ಬೇಡ ಅನ್ನುವ ಮನೆಯಿಲ್ಲ. ಡಾಕ್ಟರ್ ಸಾಹೇಬರಿಗೆ ಹೇಳಿದ್ದೀಯಾ ಎಂದು ನನ್ನನ್ನು ಕೇಳಿದರು. ಇಲ್ಲ ಅಂದೆ.

“ಹೇಳಿ ಬಾ. ಆಮ್ಯಾಲ ಬಂದ ಚಾ ಕುಡಿ.”

ಸೋಮವಾರ ಡಾಕ್ಟರರ ಕೋಣೆಗೆ ಹೋದೆ. ಅವರಿಗೂ ಈಗ ವಯಸ್ಸಾಗಿದೆ, ಪೇಶಂಟುಗಳನ್ನು ಹೆಚ್ಚಾಗಿ ಮಗನೇ ನೋಡುತ್ತಾನೆ. ಆ ಕಾರೂ ಹೋಗಿ, ದೊಡ್ಡವ್ವಾರೂ ಹೋಗಿ ಮೂರು ವರ್ಷವಾಗಿತ್ತು. ಕಿತ್ತೂರಿನ ಹಾದಿಯ ಆ ಏರು, ಕಬ್ಬಿನ ಟ್ರ್ಯಾಕ್ಟರು, ಅವ್ವಾರ ಕೈ ಎಂದು ನೆನಪು ಮಾಡಿಕೊಟ್ಟೆ. ಅವತ್ತಿನ ತಪ್ಪು ಖರೆ ನಂದು ಅಂದೆ. ಅವರು ಪೇಪರು ಮಡಿಚಿ ನನ್ನನ್ನು ನೋಡಿದರು.

“ನಂದ ಅಂದ್ರ? ಗಾಡಿ ನೀನ ಹೊಡಿತಿದ್ದಿಯಲ್ಲ, ಮತ್ಯಾರದ ಇರತೈತಿ? ಆಗಿ ಹೋತ ಬಿಡು. ಅವತ್ತ ಫಕೀರಪ್ಪ ಇದ್ದಿದ್ರ ಹಂಗ ಆಗತಿರಲಿಲ್ಲ.”

ಆ ಗಾಡಿಯನ್ನು ಆಮೇಲೆ ವರ್ಷಗಟ್ಟಲೆ ನಾನೇ ಓಡಿಸಿದ್ದರಿಂದ, ಅವರ ನೆನಪು ತನ್ನಷ್ಟಕ್ಕೆ ತಾನೇ ನನ್ನನ್ನು ಆ ದಿನದ ಸೀಟಿನಲ್ಲೂ ಕೂರಿಸಿಬಿಟ್ಟಿತ್ತು. ತಾಯಿಯ ಕೈ ಮುರಿದವನು ನಾನೇ ಎಂದು ತಿಳಿದೂ, ಇಷ್ಟು ವರ್ಷ ಒಂದು ಮಾತು ಆಡದೆ ನನ್ನನ್ನು ಇಟ್ಟುಕೊಂಡಿದ್ದರು. ಇಲ್ಲ, ಅವತ್ತು ಹೊಡೆಯುತ್ತಿದ್ದವರು ಕಾಕಾ ಎಂದು ತಿದ್ದುವುದು ಸತ್ಯವಾಗುತ್ತಿತ್ತು. ಆದರೆ ಅವರ ಮನಸ್ಸಿನಿಂದ ಎಂದೋ ಇಳಿದುಹೋದ ಮನುಷ್ಯನನ್ನು ನಾನೇ ಕೈ ಹಿಡಿದು ಮತ್ತೆ ಆ ಸೀಟಿಗೆ ಹತ್ತಿಸಬೇಕಿತ್ತು. ಹೌದ್ರಿ ಎಂದು ಹೇಳಿ ಹೊರಗೆ ಬಂದೆ.

ಮರು ರವಿವಾರದವರೆಗೆ ಆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಕಾಯ್ದೆ. ಫಕೀರಪ್ಪ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಡ್ರೈವರಿಗೆ ಸಿಕ್ಕೀತು? ಕಟಕೋಳದ ಕಟ್ಟೆಯ ಮೇಲೆ ಕೂತು, ಡಾಕ್ಟರರು ಆಡಿದ್ದನ್ನು, ನಾನು ಹೌದ್ರಿ ಅಂದದ್ದನ್ನು, ಒಂದು ಶಬ್ದ ಕೂಡಿಸದೆ ಕಳೆಯದೆ ಕಾಕಾನಿಗೆ ಹೇಳಿದೆ. ಅವರ ಮುಖ ಅರಳೀತೆಂದು ಕಾದೆ. ಕಾಕಾ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ತಿರುವಿ ಇಟ್ಟುಕೊಂಡರು.

“ನಾ ಗಾಡ್ಯಾಗ ಇದ್ದದ್ದ ಅವರಿಗೆ ನೆನಪಿಲ್ಲ. ಮತ್ತ ನಾ ಯಾರ ಮುಂದ ನಾಚಿ ಗಾಡಿ ಬಿಟ್ಟೆ?”

ಮಗನ ಟ್ರ್ಯಾಕ್ಟರು ಅಂಗಳದಲ್ಲೇ ನಿಂತಿತ್ತು. ಬನ್ನಿ ಕಾಕಾ, ಊರ ಹೊರಗಿನ ತನಕ ಒಮ್ಮೆ ಹೊಡೆಯಿರಿ, ನಾನು ಪಕ್ಕದಲ್ಲಿ ಕೂರುತ್ತೇನೆ ಅಂದೆ. ಅವರು ಮಸುಕಾದ ಕಣ್ಣನ್ನು ಬೆರಳಿನಿಂದ ತೋರಿಸಿ ಇಲ್ಲವೆಂದು ತಲೆಯಾಡಿಸಿದರು. ಒಳಗೆ ಸೊಸೆಗೆ, ಚಹಾ ಇಡವಾ ಎಂದು ಕೂಗಿ ಹೇಳಿದರು.

ಎರಡು ಕಪ್ ಚಹಾ ಬಂತು. ನಾನು ಕುಡಿದೆ. ಅವರ ಚಹಾ ಕಟ್ಟೆಯ ಮೇಲೆ ಕೆನೆಗಟ್ಟುತ್ತ ಹಾಗೇ ಇತ್ತು.